ಸ್ಪೋಕನ್ ಇಂಗ್ಲಿಷ್ ಅರ್ಧ ಆನ್‌ಲೈನ್, ಅರ್ಧ ಕ್ಲಾಸಲ್ಲಿ: ಮಕ್ಕಳು ಬಾಯಿ ಬಿಡುವಂತೆ ಮಾಡೋದು ಹೇಗೆ?

ಶಾಲ್ಮಲಾ
ಎಲ್ಲರಿಗೂ ನಮಸ್ಕಾರ. ಉತ್ತರ ಕರ್ನಾಟಕದ ಒಂದು ತಾಲೂಕು ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಈ ಸೆಮಿಸ್ಟರ್‌ನಿಂದ ನಮ್ಮಲ್ಲಿ ಸ್ಪೋಕನ್ ಇಂಗ್ಲಿಷನ್ನು ಬ್ಲೆಂಡೆಡ್ ಮಾಡಿದ್ದಾರೆ. ವಾರಕ್ಕೆ ನಾಲ್ಕು ಗಂಟೆ. ಎರಡು ಗಂಟೆ ಎಲ್‌ಎಂಎಸ್‌ನಲ್ಲಿ (ಕಾಲೇಜಿನ ಆನ್‌ಲೈನ್ ಪಾಠದ ತಾಣ) ವಿಡಿಯೋ, ಕ್ವಿಜ್. ಇನ್ನೆರಡು ಗಂಟೆ ಕ್ಲಾಸ್.

ಕ್ಲಾಸಲ್ಲಿ 70 ಮಕ್ಕಳು. ಅರ್ಧಕ್ಕಿಂತ ಜಾಸ್ತಿ ಜನ ಪಿಯುಸಿವರೆಗೂ ಕನ್ನಡ ಮಾಧ್ಯಮ. ಕ್ವಿಜ್ ತೆಗೆದು ನೋಡಿದರೆ ಹತ್ತಕ್ಕೆ ಒಂಬತ್ತು, ಹತ್ತಕ್ಕೆ ಹತ್ತು. ಮೊನ್ನೆ ಹುಬ್ಬಳ್ಳಿಯಿಂದ ಒಂದು ಕಂಪನಿ ಸಂದರ್ಶನಕ್ಕೆ ಬಂದಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ. "ನಿಮ್ಮ ಊರಿನ ಬಗ್ಗೆ ಎರಡು ಮಾತು ಹೇಳಿ" ಎಂದರು. ಕ್ವಿಜ್‌ನಲ್ಲಿ ಪೂರ್ತಿ ಅಂಕ ತೆಗೆದ ಹುಡುಗಿ "ಮೈ ವಿಲೇಜ್ ಈಸ್" ಅಂದವಳು ಅಲ್ಲೇ ನಿಂತುಬಿಟ್ಟಳು. ದುಪಟ್ಟಾದ ತುದಿ ಹಿಂಡುತ್ತಾ ನನ್ನ ಕಡೆ ನೋಡುತ್ತಿದ್ದಳು. ಹೊರಗೆ ಬಂದ ಮೇಲೆ ಊರಿನ ಕೆರೆ, ಮೆಣಸಿನಕಾಯಿ ಬೆಳೆ, ಹತ್ತಿರದ ಸಂತೆ ಎಲ್ಲ ಕನ್ನಡದಲ್ಲಿ ಹೇಳಿದಳು. ಒಂದೊಂದಕ್ಕೂ ಇಂಗ್ಲಿಷಲ್ಲಿ ಏನು ಅಂತ ಕೇಳಿದೆ. ಎಲ್ಲ ಪದವೂ ಗೊತ್ತಿತ್ತು!

ಪದ ಇದೆ, ವ್ಯಾಕರಣ ಇದೆ, ಮಾತು ಇಲ್ಲ. ಆನ್‌ಲೈನ್ ಪಾಠ ಬೇಡ ಅಂತ ಹೇಳುವ ಅಧಿಕಾರ ನನಗಿಲ್ಲ, ಪೂರ್ತಿ ಬೇಡ ಅಂತ ಅನ್ನಿಸಿಯೂ ಇಲ್ಲ. ಈ ಪದ್ಧತಿ ಇಟ್ಟುಕೊಂಡೇ ಮಕ್ಕಳನ್ನು ಮಾತಾಡಿಸಿದವರು ಯಾರಾದರೂ ಇದ್ದೀರಾ? ಮಾಡಿ ನೋಡಿದ್ದನ್ನು ಹೇಳಿ, ದಯವಿಟ್ಟು.

ಬಿಕಾಂ ಹುಡುಗ
ಮೇಡಂ, ನಮ್ಮ ಕಾಲೇಜಲ್ಲೂ ಇದೇ ಕಥೆ. ನಡೆಯುವುದನ್ನು ನೇರವಾಗಿ ಹೇಳುತ್ತೇನೆ. ಹುಡುಗರು ವಿಡಿಯೋ ಪ್ಲೇ ಮಾಡಿ ಮೊಬೈಲ್ ಮಗುಚಿ ಇಡುತ್ತಾರೆ. ಸಂಜೆ ಕ್ಲಾಸ್ ಗ್ರೂಪಲ್ಲಿ 1-ಬಿ, 2-ಡಿ, 3-ಎ ಅಂತ ಉತ್ತರ ಬರುತ್ತೆ. ಎಲ್ಲರೂ ಒತ್ತಿ ಸಬ್‌ಮಿಟ್ ಮಾಡುತ್ತಾರೆ. ಸೋಮಾರಿಗಳು ಅಂದುಕೊಳ್ಳಬೇಡಿ. ನಮ್ಮ ಕ್ಲಾಸಲ್ಲಿ ಸುಮಾರು ಜನ ಕಾಲೇಜು ಬಿಟ್ಟ ಮೇಲೆ ಮೆಡಿಕಲ್ ಶಾಪು, ಮೊಬೈಲ್ ಅಂಗಡಿ, ಪೆಟ್ರೋಲ್ ಬಂಕಿಗೆ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ಹತ್ತು ಗಂಟೆಗೆ ಮನೆಗೆ ಬಂದು "ಟೆನ್ಸ್‌ನ ವಿಧಗಳು" ವಿಡಿಯೋ ಯಾರು ನೋಡುತ್ತಾರೆ ಹೇಳಿ? ಅದನ್ನು ಆರನೇ ಕ್ಲಾಸಿಂದ ಕೇಳುತ್ತಲೇ ಇದ್ದೇವೆ.

ತುಂಗಾತೀರ
ಇದೆಲ್ಲ ಯುಜಿಸಿಯಿಂದ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಬಂದ ಪೀಡೆ. ಅರ್ಧ ಪಾಠ ಆನ್‌ಲೈನೇ ಆಗಬೇಕು ಅಂತ ಕಡ್ಡಾಯ ಮಾಡಿದ್ದಾರೆ.

ಕಡತ ಓದುಗ
ಕಡ್ಡಾಯ ಅಲ್ಲ ಸ್ವಾಮಿ, ಅರ್ಧವೂ ಅಲ್ಲ. 2021ರ ಮೇ ತಿಂಗಳಲ್ಲಿ ಯುಜಿಸಿ ಹೊರಡಿಸಿದ ಟಿಪ್ಪಣಿಯಲ್ಲಿ ಇದ್ದದ್ದು ಒಂದು ಕೋರ್ಸಿನ 40%ವರೆಗೆ ಆನ್‌ಲೈನ್‌ನಲ್ಲಿ ಕಲಿಸಬಹುದು ಅಂತ. ಕಲಿಸಲೇಬೇಕು ಅಂತ ಇಲ್ಲ. ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ಸ್ವಯಂ ಪೋರ್ಟಲ್‌ನ ಕೋರ್ಸುಗಳಿಂದ ತೆಗೆದುಕೊಳ್ಳುವ ಕ್ರೆಡಿಟ್ ಮಿತಿ ಬೇರೆ ವಿಷಯ. ಅದು ಮೊದಲು 20% ಇತ್ತು, 2021ರಲ್ಲೇ 40% ಆಯಿತು. ಜನ ಎರಡನ್ನೂ ಬೆರೆಸಿ ಮಾತಾಡುತ್ತಾರೆ.

ತುಂಗಾತೀರ
ಹಾಗಾದರೆ ಮೇಡಂ ಕಾಲೇಜಲ್ಲಿ ನಾಲ್ಕರಲ್ಲಿ ಎರಡು ಗಂಟೆ ಹೇಗಾಯಿತು?

ಕಡತ ಓದುಗ
ಅದನ್ನು ಅವರ ಪ್ರಾಂಶುಪಾಲರನ್ನೇ ಕೇಳಬೇಕು. ರೂಮಿನ ಕೊರತೆ ಇರುವ ಕಾಲೇಜುಗಳಲ್ಲಿ ಮೊದಲು ಆನ್‌ಲೈನ್‌ಗೆ ತಳ್ಳುವುದೇ ಭಾಷೆಯ ಪೇಪರುಗಳನ್ನು. ಕೆಮಿಸ್ಟ್ರಿ ಲ್ಯಾಬನ್ನು ತಳ್ಳಲು ಆಗಲ್ಲ, ಇಂಗ್ಲಿಷನ್ನು ತಳ್ಳಬಹುದು ಅನ್ನುವ ಲೆಕ್ಕ. ಮಾತಿಗೂ ಲ್ಯಾಬಿನ ಹಾಗೇ ಎದುರುಬದುರು ಕೂರುವ ಜಾಗ ಬೇಕು ಅಂತ ಯಾರಿಗೂ ಹೊಳೆಯುವುದಿಲ್ಲ.

ದಾವಣಗೆರೆ ಎಚ್‌ಆರ್
ಸಂದರ್ಶನ ಮಾಡುವ ಕಡೆಯಿಂದ ಹೇಳುತ್ತೇನೆ. ಬೆಂಗಳೂರಲ್ಲಿ ಬ್ಯಾಕ್ ಆಫೀಸ್ ಕೆಲಸಕ್ಕೆ ಡಿಗ್ರಿ ಮುಗಿಸಿದವರನ್ನು ತೆಗೆದುಕೊಳ್ಳುತ್ತೇವೆ. ಜಿಲ್ಲೆಗಳ ಕಾಲೇಜಿಗೂ ಹೋಗುತ್ತೇನೆ. "ಷೀ ಡೋಂಟ್" ಅಂದರೆ ನಾವು ಯಾರನ್ನೂ ತೆಗೆದುಹಾಕಲ್ಲ. ನಾವು ನೋಡುವುದು ಮೂರು ಸಂಗತಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳುತ್ತಾರಾ? ಒಂದು ಪದ ಸಿಗದಿದ್ದರೆ ಬೇರೆ ಥರ ಹೇಳಿ ಮುಂದೆ ಹೋಗುತ್ತಾರಾ? ನಾವು ನಡುವೆ ಬಾಯಿ ಹಾಕಿದರೆ ಎಳೆ ಬಿಡದೆ ಮಾತಾಡುತ್ತಾರಾ?

ಈ ಮೂರನ್ನೂ ವಿಡಿಯೋ ಕಲಿಸುವುದಿಲ್ಲ. ವಿಡಿಯೋ ನಮ್ಮ ಮಾತಿಗೆ ನಡುವೆ ಬಾಯಿ ಹಾಕಲ್ಲ, ಅರ್ಥವಾಗದ ಮುಖ ಮಾಡಲ್ಲ. ಕಂಠಪಾಠದ "ಸೆಲ್ಫ್ ಇಂಟ್ರೊಡಕ್ಷನ್" ಕಲಿಸುವುದನ್ನು ಕಾಲೇಜುಗಳು ನಿಲ್ಲಿಸಿದರೆ ದೊಡ್ಡ ಉಪಕಾರ. ಒಂದೇ ಕಾಲೇಜಿನ ಎಲ್ಲ ಹುಡುಗರೂ "ಮೈ ಸ್ಟ್ರೆಂತ್ ಈಸ್ ಹಾರ್ಡ್ ವರ್ಕ್, ಮೈ ವೀಕ್‌ನೆಸ್ ಈಸ್ ಐ ಟ್ರಸ್ಟ್ ಪೀಪಲ್ ಈಸಿಲಿ" ಅನ್ನುತ್ತಾರೆ. ಮುಂದಿನ ಪ್ರಶ್ನೆಗೆ ಮೌನ.

ಕನ್ನಡವೇ ಸಾಕು
ನನ್ನ ಪ್ರಶ್ನೆ ಬೇರೆ. ಹುಬ್ಬಳ್ಳಿ ಕಂಪನಿ, ಅದೇ ಜಿಲ್ಲೆಗಳ ಗಿರಾಕಿಗಳು, ಅದೇ ನೆಲದ ಹುಡುಗಿ. ಅವಳ ಊರಿನ ಬಗ್ಗೆ ಇಂಗ್ಲಿಷಲ್ಲೇ ಯಾಕೆ ಕೇಳಬೇಕು? ಕನ್ನಡದಲ್ಲಿ ಅಷ್ಟು ಚೆಂದ ಹೇಳಿದಳಲ್ಲ, ಆ ಹುಡುಗಿಗೆ ಏನು ಕೊರತೆ?

ದಾವಣಗೆರೆ ಎಚ್‌ಆರ್
ಅವಳಿಗೆ ಕೊರತೆ ಇಲ್ಲ, ಒಪ್ಪುತ್ತೇನೆ. ಕೆಲಸ ಕನ್ನಡದ್ದೇ ಆದರೆ ಸಂದರ್ಶನವೂ ಕನ್ನಡದಲ್ಲೇ ಆಗಬೇಕು. ಆದರೆ ನಮ್ಮಲ್ಲಿ ಫೋನಿನ ಆ ಕಡೆ ಇರುವವರು ಪುಣೆ, ಚೆನ್ನೈ, ಕೆಲವು ಸಲ ಲಂಡನ್‌ನವರು. ಅಲ್ಲಿ ಬೇರೆ ದಾರಿ ಇಲ್ಲ.

ಮ್ಯೂನಿಕ್ ಕನ್ನಡಿಗ
ಎರಡೂ ಒಟ್ಟಿಗೆ ಆಗುತ್ತೆ ಅಂತ ಹೇಳಲು ಬಂದೆ. ಇಲ್ಲಿ ಜರ್ಮನಿಯಲ್ಲಿ ಎಂಜಿನಿಯರಿಂಗ್ ಡಿಗ್ರಿಯನ್ನು ಜರ್ಮನ್ ಭಾಷೆಯಲ್ಲೇ ಓದುವವರು ಬಹಳ. ಅವರೇ ಆಫೀಸಿಗೆ ಬಂದರೆ ಇಂಗ್ಲಿಷಲ್ಲಿ ಸಲೀಸಾಗಿ ಮೀಟಿಂಗ್ ಮಾಡುತ್ತಾರೆ. ಓದುವ ಭಾಷೆ ಬೇರೆ, ಮಾತಾಡುವ ಇನ್ನೊಂದು ಭಾಷೆ ಬೇರೆ. ಕನ್ನಡ ಬಿಟ್ಟರೆ ಮಾತ್ರ ಇಂಗ್ಲಿಷ್ ಬರುತ್ತೆ ಅನ್ನುವುದು ನಮ್ಮಲ್ಲಿ ಯಾರೋ ಹಬ್ಬಿಸಿದ ಮಾತು.

ನಿವೃತ್ತ ಮೇಷ್ಟ್ರು
ಮೇಡಂ, ನಿಮ್ಮ ಪ್ರಶ್ನೆಗೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಒಂದು ಉತ್ತರ ಇದೆ. ಈಗಿನವರಿಗೆ ಅದರ ಹೆಸರೇ ಗೊತ್ತಿಲ್ಲ, ಅದು ನನಗೆ ಬೇಸರ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ಬೆಂಗಳೂರು, ಮದ್ರಾಸು ಕಡೆಯ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಜ್ಞಾನಭಾರತಿಯಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೂ ಅದಕ್ಕೂ ಹತ್ತಿರದ ನಂಟು. ಪ್ರಪಂಚದ ಭಾಷಾ ಶಿಕ್ಷಣದವರು ಇವತ್ತಿಗೂ ಅದನ್ನು "ಬೆಂಗಳೂರು ಪ್ರಾಜೆಕ್ಟ್" ಎಂದೇ ಕರೆಯುತ್ತಾರೆ.

ಅಲ್ಲಿ ವ್ಯಾಕರಣದ ಪಾಠವೇ ಇರಲಿಲ್ಲ. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ ಇಡುತ್ತಿದ್ದರು. ಈ ರೈಲು ತಪ್ಪಿದರೆ ಮುಂದಿನದು ಯಾವುದು? ಯಾವುದು ಬೇಗ ತಲುಪುತ್ತದೆ? ಇಲ್ಲವೇ ಒಂದು ನಕ್ಷೆ, ಒಂದು ಕ್ಯಾಲೆಂಡರ್. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಅಂಥದೇ ಒಂದು ಲೆಕ್ಕವನ್ನು ಇಂಗ್ಲಿಷಲ್ಲಿ ಬಿಡಿಸುವುದು. ಆಮೇಲೆ ಮಗು ತಾನೇ ಇನ್ನೊಂದನ್ನು ಬಿಡಿಸುವುದು. ಗಮನವೆಲ್ಲ ರೈಲಿನ ಮೇಲೆ. ಭಾಷೆ ಪಕ್ಕದಿಂದ ಬಂದು ಸೇರಿಕೊಳ್ಳುತ್ತಿತ್ತು.

ನಿಮ್ಮ ಎಲ್‌ಎಂಎಸ್ ವಿಡಿಯೋಗಳು ಭಾಷೆಯ ಬಗ್ಗೆ ವಿವರಿಸುತ್ತವೆ. ಭಾಷೆ ಬಳಸಿ ಮಾಡುವ ಕೆಲಸ ಕೊಡುವುದಿಲ್ಲ. ಮೊದಲು ಅದನ್ನು ಬದಲಾಯಿಸಿ.

ಕರಾವಳಿ ಕನ್ನಡತಿ
ಮೇಷ್ಟ್ರೇ, ಬೆಂಗಳೂರು ಪ್ರಾಜೆಕ್ಟ್ ನೆನಪಿಸಿದ್ದು ತುಂಬಾ ಒಳ್ಳೆಯದಾಯಿತು. ನಾನೂ ಬಿ.ಎಡ್‌ನಲ್ಲಿ ಓದಿದ್ದೆ. ಆದರೆ ಒಂದು ತಿದ್ದುಪಡಿ ಬೇಕು. ಪ್ರಭು ಅವರ ಒತ್ತು ಇದ್ದದ್ದು ಅರ್ಥಮಾಡಿಕೊಳ್ಳುವುದರ ಮೇಲೆ, ಮಾತಾಡಿಸುವುದರ ಮೇಲೆ ಅಲ್ಲ. ಮಕ್ಕಳನ್ನು ಗುಂಪು ಮಾಡಿ ತಮ್ಮತಮ್ಮಲ್ಲೇ ಮಾತಾಡಲು ಬಿಡುವುದಕ್ಕೂ ಅವರು ಅಷ್ಟಾಗಿ ಒಪ್ಪಿರಲಿಲ್ಲ. ಒಬ್ಬರ ತಪ್ಪು ಇನ್ನೊಬ್ಬರಿಗೆ ಅಂಟಿ ಗಟ್ಟಿಯಾಗುತ್ತದೆ ಅನ್ನುವ ಅಂಜಿಕೆ ಅವರದು. ಶಾಲ್ಮಲಾ ಮೇಡಂ ಮಕ್ಕಳಿಗೆ ಅರ್ಥವಾಗುವುದು ತೊಂದರೆಯೇ ಅಲ್ಲ. ಅರ್ಥವಾಗುತ್ತೆ, ಹೇಳಲು ಬರಲ್ಲ.

ಈ ಕಾಯಿಲೆಯನ್ನು ಸರಿಯಾಗಿ ಗುರುತಿಸಿದ್ದು ಕೆನಡಾದ ಮೆರಿಲ್ ಸ್ವೇನ್. ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳು ಶಾಲೆಯಲ್ಲಿ ಗಣಿತ, ವಿಜ್ಞಾನ ಎಲ್ಲ ಫ್ರೆಂಚ್‌ನಲ್ಲೇ ಕಲಿಯುತ್ತಿದ್ದರು. ವರ್ಷಗಟ್ಟಲೆ ಕೇಳಿಸಿಕೊಂಡು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು. ಮಾತಲ್ಲಿ, ಬರಹದಲ್ಲಿ ಮಾತ್ರ ಫ್ರೆಂಚ್ ಮಕ್ಕಳ ಮಟ್ಟ ಮುಟ್ಟುತ್ತಿರಲಿಲ್ಲ. ಕೇಳಿದರೆ ಸಾಕಾಗಲ್ಲ, ಹೇಳಬೇಕು, ಹೇಳುವಾಗ ತಡವರಿಸಬೇಕು, ಆಗಲೇ ತನಗೆ ಏನು ಬರಲ್ಲ ಅಂತ ಕಲಿಯುವವರಿಗೆ ಗೊತ್ತಾಗುವುದು ಅಂತ ಸ್ವೇನ್ 1985ರಲ್ಲಿ ವಾದಿಸಿದರು.

ನಿವೃತ್ತ ಮೇಷ್ಟ್ರು
ಪ್ರಭು ಅವರ ಅಂಜಿಕೆ ಆ ಕಾಲಕ್ಕೆ, ಹೈಸ್ಕೂಲ್ ಮಕ್ಕಳಿಗೆ ಸರಿ ಇತ್ತು. ಇಪ್ಪತ್ತು ವರ್ಷದ ಹುಡುಗರಿಗೆ ನಾಳೆ ಕೆಲಸ ಬೇಕು. ಇಲ್ಲಿ ಪ್ರಭು ಅವರ ವೇಳಾಪಟ್ಟಿ, ನಕ್ಷೆಯಂಥ ಕೆಲಸಗಳನ್ನು ತಗೊಳ್ಳಿ, ಗುಂಪು ಮಾಡುವ ಧೈರ್ಯ ನೀವು ಸೇರಿಸಿ. ನನ್ನ ಮಾತು ಇಷ್ಟೇ.

ಮಲೆನಾಡ ಹುಡುಗಿ
ನಾನು ಎಂ.ಎ ಓದುತ್ತಿದ್ದೇನೆ. ನಮ್ಮೂರು ತೀರ್ಥಹಳ್ಳಿ ಕಡೆ. 2020ರ ಲಾಕ್‌ಡೌನಲ್ಲಿ ಗುಡ್ಡ ಹತ್ತಿ, ಕೊಡೆ ಹಿಡಿದು ಆನ್‌ಲೈನ್ ಕ್ಲಾಸ್ ಕೇಳಿದ ಮಕ್ಕಳ ಫೋಟೊ ಪೇಪರಲ್ಲಿ ನೋಡಿರುತ್ತೀರಿ. ಆ ಪರಿಸ್ಥಿತಿ ನಮ್ಮ ಕಡೆ ಪೂರ್ತಿ ಹೋಗಿಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತೆ. ಅರ್ಧ ಗಂಟೆ ವಿಡಿಯೋ ನಮಗೆ ಆಗದ ಮಾತು.

ನಮಗೆ ನಿಜವಾಗಿ ಆಗಿಬಂದದ್ದು ವಾಟ್ಸಾಪ್ ವಾಯ್ಸ್ ಮೆಸೇಜ್. ಡಿಗ್ರಿಯಲ್ಲಿದ್ದಾಗ ನಮ್ಮ ಇಂಗ್ಲಿಷ್ ಸರ್ ದಿನಕ್ಕೊಂದು ಪ್ರಶ್ನೆ ಹಾಕುತ್ತಿದ್ದರು. ಒಂದು ನಿಮಿಷ ಮಾತಾಡಿ ಕಳಿಸಬೇಕು. ನೆಟ್‌ವರ್ಕ್ ಇಲ್ಲದಿದ್ದರೂ ರೆಕಾರ್ಡ್ ಆಗುತ್ತೆ, ಸಿಕ್ಕಾಗ ತಾನೇ ಹೋಗುತ್ತೆ. ನಾನು ಕೊಟ್ಟಿಗೆಯ ಹಿಂದೆ ನಿಂತು ರೆಕಾರ್ಡ್ ಮಾಡುತ್ತಿದ್ದೆ, ಮನೆಯವರು ಕೇಳಬಾರದು ಅಂತ. ಕೇಳಿ ನೋಡಿ, ಇಷ್ಟವಾಗದೆ ಅಳಿಸಿ, ಮತ್ತೆ ಹೇಳಿ, ಮತ್ತೆ ಅಳಿಸಿ. ಸರ್‌ಗೆ ಹೋಗುತ್ತಿದ್ದದ್ದು ಒಂದು ನಿಮಿಷ. ನಾನು ಮಾತಾಡಿರುತ್ತಿದ್ದದ್ದು ಅದರ ಹಲವು ಪಟ್ಟು. ಬರೆದುಕೊಂಡು ಓದಿದರೆ ಸರ್‌ಗೆ ದನಿಯಲ್ಲೇ ಗೊತ್ತಾಗುತ್ತಿತ್ತು, ವಾಪಸ್ ಕಳಿಸುತ್ತಿದ್ದರು.

ಬಿಕಾಂ ಹುಡುಗ
ಅಕ್ಕಾ, ಪ್ರಶ್ನೆಗಳು ಯಾವ ಥರ ಇರುತ್ತಿದ್ದವು?

ಮಲೆನಾಡ ಹುಡುಗಿ
ಸುಮ್ನೆ "ಪರಿಸರ ಮಾಲಿನ್ಯದ ಬಗ್ಗೆ ಹೇಳಿ" ಅಂತ ಇರುತ್ತಿರಲಿಲ್ಲ. "ನಿಮ್ಮ ಮನೆಗೆ ಬರುವ ದಾರಿ ನನಗೆ ಹೇಳಿ", "ಇವತ್ತು ಅಡಿಕೆಗೆ ಏನು ರೇಟು, ಯಾಕೆ ಹಾಗೆ?", "ನಿಮ್ಮ ಬಸ್ಸು ತಪ್ಪಿದೆ, ಕ್ಲಾಸಿಗೆ ಲೇಟ್ ಯಾಕೆ ಅಂತ ಹೇಳಿ" ಇಂಥವು. ನೆಟ್‌ನಿಂದ ಕಾಪಿ ಮಾಡಲು ಆಗದ ಪ್ರಶ್ನೆಗಳು.

ಟೆಕ್ಕಿ ತಮ್ಮ
ಮೊದಲು ಉಚ್ಚಾರಣೆ ಸರಿ ಮಾಡಿಸಿ. "ಯೆಗ್ಸಾಮ್", "ವೊನ್ಲಿ", "ಬಸ್ಸು ಸ್ಟಾಪು" ಅಂದರೆ ಯಾರು ಕೆಲಸ ಕೊಡುತ್ತಾರೆ? ಯೂಟ್ಯೂಬಲ್ಲಿ ಬ್ರಿಟಿಷ್ ಚಾನೆಲ್ ನೋಡಿ ಅವರ ಹಾಗೆ ಹೇಳಲು ಕಲಿಯಲಿ.

ಕರಾವಳಿ ಕನ್ನಡತಿ
ಬಾಯಿ ಬಿಡಲು ಹೆದರುವ ಮಗುವಿಗೆ ಮೊದಲ ದಿನವೇ ಇದನ್ನು ಹೇಳಿದರೆ ಆ ಮಗು ಮತ್ತೆ ಮಾತಾಡಲ್ಲ. ನಮ್ಮ ಬಾಯಲ್ಲಿ "ಎ"ಗೆ ಮುಂಚೆ "ಯ", "ಒ"ಗೆ ಮುಂಚೆ "ವ" ಬರುವುದು ಕನ್ನಡದ ಸಹಜ ಗುಣ. ಕೇಳುವವರಿಗೆ ಅದರಿಂದ ಅರ್ಥ ಕೆಡುವುದು ಅಪರೂಪ. ಅರ್ಥ ಕೆಡುವುದು ಪದದ ತಪ್ಪು ಜಾಗಕ್ಕೆ ಒತ್ತು ಬಿದ್ದಾಗ, ಎಲ್ಲ ಪದವನ್ನೂ ಒಂದೇ ವೇಗದಲ್ಲಿ ಉಸಿರು ಬಿಡದೆ ಹೇಳಿದಾಗ. ತಿದ್ದುವುದಿದ್ದರೆ ಅದನ್ನು ತಿದ್ದಿ, ಅದೂ ನಾಲ್ಕು ವಾರ ಮಾತಾಡಿದ ಮೇಲೆ.

ದಾವಣಗೆರೆ ಎಚ್‌ಆರ್
ನೂರಕ್ಕೆ ನೂರು. ನಮ್ಮ ಟೀಮಲ್ಲಿ ತಮಿಳು ಇಂಗ್ಲಿಷ್, ಬಂಗಾಳಿ ಇಂಗ್ಲಿಷ್, ಮಲಯಾಳಿ ಇಂಗ್ಲಿಷ್ ಎಲ್ಲ ಇದೆ. ಕೆಲಸ ನಡೆಯುತ್ತಿದೆ.

ಟೆಕ್ಕಿ ತಮ್ಮ
ಅವಮಾನ ಮಾಡಲು ಹೇಳಿದ್ದಲ್ಲ. ಆದರೆ ಇನ್ನೊಂದು ಪ್ರಶ್ನೆ. ಈಗ ಮೊಬೈಲಲ್ಲೇ ಎಐ ಜೊತೆ ಬಾಯಿಮಾತಲ್ಲಿ ಮಾತಾಡಬಹುದು. ಚಾಟ್‌ಜಿಪಿಟಿಗೆ "ನೀನು ಸಂದರ್ಶನ ಮಾಡು, ನನ್ನ ತಪ್ಪನ್ನು ಕೊನೆಯಲ್ಲಿ ಕನ್ನಡದಲ್ಲಿ ಹೇಳು" ಅಂದರೆ ಮಾಡುತ್ತೆ. ರಾತ್ರಿ ಹನ್ನೆರಡಕ್ಕೂ ಸಿಗುತ್ತೆ, ನಗಲ್ಲ, ಬೈಯಲ್ಲ. ಆನ್‌ಲೈನ್‌ನ ಎರಡು ಗಂಟೆಗೆ ಇದನ್ನೇ ಯಾಕೆ ಹಾಕಬಾರದು?

ಬಿಕಾಂ ಹುಡುಗ
ನಮ್ಮ ಹಾಸ್ಟೆಲಲ್ಲಿ ಇಬ್ಬರು ಮಾಡುತ್ತಾರೆ. ನಾಚಿಕೆ ಹೋಗುತ್ತೆ, ಅದು ನಿಜ. ಒಂದು ತೊಂದರೆ ಏನೆಂದರೆ, ಯೋಚನೆ ಮಾಡಲು ಸ್ವಲ್ಪ ತಡೆದರೆ ಮಾತು ಮುಗಿಯಿತು ಅಂದುಕೊಂಡು ಅದೇ ಶುರು ಮಾಡಿಬಿಡುತ್ತೆ. ನಮಗೆ ಬೇಕಾಗಿರೋದು ಆ ತಡೆಯುವ ಹೊತ್ತು.

ಮಲೆನಾಡ ಹುಡುಗಿ
ಮತ್ತೆ, ನಾವು ಅರ್ಧಂಬರ್ಧ ಹೇಳಿದರೂ ಅದು ಊಹಿಸಿ ಒಪ್ಪಿಕೊಳ್ಳುತ್ತೆ. ಮನುಷ್ಯರು "ಅರ್ಥ ಆಗಲಿಲ್ಲ, ಏನಂದ್ರಿ?" ಅನ್ನುತ್ತಾರೆ. ಆಗ ನಾವು ಇನ್ನೊಂದು ರೀತಿ ಹೇಳಬೇಕಾಗುತ್ತೆ. ಕಲಿಕೆ ಅಲ್ಲೇ ಆಗೋದು. ಒಂಟಿಯಾಗಿ ಅಭ್ಯಾಸ ಮಾಡಲು ಎಐ ಸರಿ, ಜೊತೆಗಾರರ ಬದಲಿಗೆ ಅಲ್ಲ.

ಕಲ್ಯಾಣದವ
ನಾನು ರಾಯಚೂರು ಕಡೆ ಡಿಗ್ರಿ ಕಾಲೇಜಲ್ಲಿ ಪಾಠ ಮಾಡುವವನು. ಮೇಡಂ, ನಾವು ಮಾಡಿದ್ದನ್ನು ಸ್ವಲ್ಪ ಉದ್ದ ಹೇಳುತ್ತೇನೆ.

ಬ್ಲೆಂಡೆಡ್‌ನಲ್ಲಿ ಚಿನ್ನದಂಥ ಒಂದು ಸಂಗತಿ ಇದೆ, ಅದನ್ನು ಯಾರೂ ಬಳಸುತ್ತಿಲ್ಲ. ಕ್ಲಾಸನ್ನು ಒಡೆಯಬಹುದು! 70 ಜನ ಒಂದೇ ರೂಮಲ್ಲಿ ಕೂತರೆ ಐವತ್ತೈದು ನಿಮಿಷದಲ್ಲಿ ಒಬ್ಬೊಬ್ಬರಿಗೆ ಒಂದು ನಿಮಿಷವೂ ಬರಲ್ಲ. ನಾವು 35ರ ಎರಡು ಬ್ಯಾಚ್ ಮಾಡಿದೆವು. ಒಂದು ಬ್ಯಾಚು ಕಂಪ್ಯೂಟರ್ ಲ್ಯಾಬಲ್ಲಿ ಆನ್‌ಲೈನ್ ಭಾಗ ಮಾಡುತ್ತೆ, ಇನ್ನೊಂದು ನನ್ನ ಜೊತೆ. ಮರುದಿನ ಅದಲುಬದಲು. ಆನ್‌ಲೈನ್ ಭಾಗ ಮನೆಗೆ ಹೋಗಲೇ ಇಲ್ಲ, ಕಾಲೇಜಲ್ಲೇ ಮುಗಿಯಿತು. ಡೇಟಾ ಇಲ್ಲ, ಫೋನು ತಂಗಿ ಹತ್ತಿರ ಇದೆ ಅನ್ನುವ ತಾಪತ್ರಯವೂ ತಪ್ಪಿತು. ಮನೆಯಿಂದಲೇ ನೋಡುವ ಮಕ್ಕಳಿಗೆ ಸರ್ಕಾರ 2021ರಲ್ಲಿ ಟ್ಯಾಬ್ ಕೊಟ್ಟಿತ್ತಲ್ಲ, ಆ ಬ್ಯಾಚು ಹೊರಗೆ ಹೋಗಿಯಾಯಿತು. ಈಗಿನವರ ಕೈಯಲ್ಲಿ ಅದಿಲ್ಲ.

ವಿಡಿಯೋ ಆರು ನಿಮಿಷಕ್ಕಿಂತ ಜಾಸ್ತಿ ಬೇಡ. ವಿವರಣೆ ಕನ್ನಡದಲ್ಲೇ ಇರಲಿ. ನಾನೇ ಮೊಬೈಲಲ್ಲಿ ಮಾಡಿದೆ. ನಾಳೆ ಕ್ಲಾಸಲ್ಲಿ ಬೇಕಾಗುವ ಹತ್ತು ಮಾತು, ಅಷ್ಟೇ. ಅಮೆರಿಕದ ಕೊಲೊರಾಡೊದಲ್ಲಿ 2007ರ ಸುಮಾರಿಗೆ ಇಬ್ಬರು ಕೆಮಿಸ್ಟ್ರಿ ಮೇಷ್ಟ್ರುಗಳು, ಬರ್ಗ್‌ಮನ್ ಮತ್ತು ಸ್ಯಾಮ್ಸ್, ಕ್ಲಾಸ್ ತಪ್ಪಿಸಿಕೊಂಡ ಮಕ್ಕಳಿಗಾಗಿ ಪಾಠ ರೆಕಾರ್ಡ್ ಮಾಡಲು ಶುರು ಮಾಡಿದರು. ಆಮೇಲೆ ಪಾಠವನ್ನೇ ಮನೆಗೆ ಕಳಿಸಿ ಕ್ಲಾಸಲ್ಲಿ ಲೆಕ್ಕ, ಪ್ರಯೋಗ ಮಾಡಿಸಿದರು. ಫ್ಲಿಪ್ಡ್ ಕ್ಲಾಸ್ ರೂಮು ಅನ್ನುವುದು ಅಲ್ಲಿಂದ ಹೆಸರಾಯಿತು. ಅವರು ಕ್ಲಾಸಿನ ಹೊತ್ತನ್ನು ಬಿಡಿಸಿಕೊಂಡರು. ನಾವು ವಿಡಿಯೋನೂ ತೋರಿಸಿ, ಕ್ಲಾಸಲ್ಲಿ ಮತ್ತೆ ಅದೇ ಪಾಠವನ್ನೂ ಮಾಡಿದರೆ ಉಳಿದದ್ದೇನು?

ಕ್ಲಾಸಲ್ಲಿ ನಾನು ಮಾತಾಡುವುದು ಐದು ನಿಮಿಷ. ಆಮೇಲೆ ಜೋಡಿ. ಭಾಷಾ ಕಲಿಕೆಯ ತಜ್ಞ ಪಾಲ್ ನೇಷನ್ ಅವರ ಬರಹಗಳಿಂದ ಹೆಸರಾದ ಒಂದು ಉಪಾಯ ಇದೆ, 4-3-2 ಅಂತ. ಒಬ್ಬ ತನ್ನ ವಿಷಯವನ್ನು ಜೊತೆಗಾರನಿಗೆ ನಾಲ್ಕು ನಿಮಿಷ ಹೇಳುವುದು. ಜೊತೆಗಾರ ಬದಲಾಗುತ್ತಾನೆ. ಅದೇ ವಿಷಯ ಮೂರು ನಿಮಿಷದಲ್ಲಿ. ಮತ್ತೆ ಬದಲಾವಣೆ, ಎರಡು ನಿಮಿಷ. ನಮ್ಮ ಮಕ್ಕಳಿಗೆ ನಾಲ್ಕು ನಿಮಿಷ ಜಾಸ್ತಿ ಆಯಿತು, ಹಾಗಾಗಿ ಎರಡು, ಒಂದೂವರೆ, ಒಂದು ಮಾಡಿಕೊಂಡೆವು. ಮೊದಲ ಸುತ್ತಲ್ಲಿ "ಅದು... ಅದು..." ಅನ್ನುವ ಹುಡುಗ ಮೂರನೇ ಸುತ್ತಿಗೆ ಕೈ ಆಡಿಸಿಕೊಂಡು ಹೇಳುತ್ತಾನೆ. ಅದೇ ಮಾತು, ಹೊಸ ಕೇಳುಗ. ಅದರಲ್ಲೇ ಇರೋದು ಗುಟ್ಟು. ರೂಮು ಸಂತೆಯ ಹಾಗೆ ಗದ್ದಲವಾಗುತ್ತೆ, ಪಕ್ಕದ ಕ್ಲಾಸಿನವರಿಗೆ ಮೊದಲೇ ಹೇಳಿಡಿ.

ಅತಿಥಿ ಉಪನ್ಯಾಸಕ
ಸರ್ ಹೇಳಿದ್ದು ಕೇಳಲು ಚೆನ್ನಾಗಿದೆ. ಎರಡು ಬ್ಯಾಚ್ ಮಾಡಿದರೆ ಪಾಠದ ಗಂಟೆ ಎರಡರಷ್ಟಾಗುತ್ತೆ. ಕಾರ್ಯಭಾರದಲ್ಲಿ ಅದನ್ನು ಯಾರು ತೋರಿಸಿಕೊಡುತ್ತಾರೆ? ನಮ್ಮ ಸ್ಥಿತಿ ನಿಮಗೆ ಗೊತ್ತು. 2022ರಲ್ಲಿ ಗೌರವಧನ ಏರಿಸಿ ವಾರಕ್ಕೆ 15 ಗಂಟೆ ಅಂತ ಮಾಡಿದಾಗ ಇಬ್ಬರ ಗಂಟೆ ಒಬ್ಬರಿಗೆ ಹೋಗಿ ಎಷ್ಟೋ ಜನ ಮನೆಗೆ ಹೋದರು. ಈಗ ಆನ್‌ಲೈನ್ ಗಂಟೆಗೆ ಉಪನ್ಯಾಸಕರು ಬೇಡ ಅಂದರೆ ಇನ್ನಷ್ಟು ಗಂಟೆ ಕಡಿತ. ರಾತ್ರಿ ಕೂತು ವಾಯ್ಸ್ ಮೆಸೇಜ್ ಕೇಳುವ ಹೊತ್ತು ಯಾವ ರಿಜಿಸ್ಟರಿಗೂ ಬರಲ್ಲ. ಮಕ್ಕಳ ಮೇಲೆ ಪ್ರೀತಿ ನಮಗೂ ಇದೆ. ಆದರೆ ಇಂಗ್ಲಿಷ್ ವಿಭಾಗಗಳು ನಡೆಯುತ್ತಿರುವುದೇ ಅತಿಥಿಗಳಿಂದ. ನಮ್ಮ ಹೊತ್ತಿಗೆ ಬೆಲೆ ಕಟ್ಟದೆ ಹೊಸ ಪದ್ಧತಿ ತಂದರೆ ಅದು ಕಾಗದದ ಮೇಲೆ ಮಾತ್ರ ನಡೆಯುತ್ತೆ.

ಕಡತ ಓದುಗ
ಇದು ಬಹಳ ಮುಖ್ಯ. ಜೊತೆಗೆ 2021-22ರಲ್ಲಿ ಎನ್‌ಇಪಿಯ (ರಾಷ್ಟ್ರೀಯ ಶಿಕ್ಷಣ ನೀತಿ) ನಾಲ್ಕು ವರ್ಷದ ಕ್ರಮ, 2024-25ರಿಂದ ಮತ್ತೆ ಮೂರು ವರ್ಷದ ಡಿಗ್ರಿ. ಪ್ರತಿ ಸಲ ಪಠ್ಯ ಬದಲು, ಅಂಕದ ಹಂಚಿಕೆ ಬದಲು. ಒಂದು ಕ್ರಮ ಬೇರು ಬಿಡುವ ಮೊದಲೇ ಇನ್ನೊಂದು.

ಕಲ್ಯಾಣದವ
ಅತಿಥಿ ಸರ್ ಮಾತು ಪೂರ್ತಿ ಸರಿ. ನಮ್ಮಲ್ಲಿ ಪ್ರಾಂಶುಪಾಲರು ಲ್ಯಾಬ್ ಬ್ಯಾಚಿನ ಗಂಟೆಯನ್ನೂ ಟೈಮ್‌ಟೇಬಲಲ್ಲಿ ಹಾಕಿದರು. ವಿಜ್ಞಾನದವರಿಗೆ ಪ್ರಾಕ್ಟಿಕಲ್ ಬ್ಯಾಚ್ ಒಡೆಯುತ್ತಾರೆ, ಭಾಷೆಗೆ ಯಾಕೆ ಒಡೆಯಬಾರದು ಅಂತ ಲಿಖಿತವಾಗಿ ಕೇಳಿದೆವು. ನೀವೂ ಲಿಖಿತವಾಗಿ ಕೇಳಿ. ಬಾಯಿಮಾತಲ್ಲಿ ಕೇಳಿದರೆ ಆಗಲ್ಲ.

ತುಂಗಾತೀರ
ಪರೀಕ್ಷೆ ಬದಲಾಗದೆ ಏನೂ ಆಗಲ್ಲ. ಮೂರು ಗಂಟೆ ಬರೆದು ಸ್ಪೋಕನ್ ಇಂಗ್ಲಿಷ್ ಪಾಸಾಗುವ ನಾಡು ನಮ್ಮದು. "ಇಬ್ಬರು ಗೆಳೆಯರ ನಡುವೆ ಸಂಭಾಷಣೆ ಬರೆಯಿರಿ, 5 ಅಂಕ." ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸಲ್ಲೂ ಅಸೈನ್‌ಮೆಂಟ್‌ಗೆ 25, ಕೊನೇ ಪರೀಕ್ಷೆಗೆ 75. ಪಾಠ ಒಳ್ಳೆಯದಿರುತ್ತೆ, ಆದರೆ ಕಂಪ್ಯೂಟರ್ ಮುಂದೆ ಕೂತು ಉತ್ತರ ಕೊಟ್ಟು ಬರುವುದು. ಬಾಯಿಗೆ ಕೆಲಸ ಇಲ್ಲ.

ಮ್ಯೂನಿಕ್ ಕನ್ನಡಿಗ
ಇಲ್ಲಿ ಒಂದು ಮಾದರಿ ಇದೆ. ನಾನು ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತದ) ಪರೀಕ್ಷೆ ಕೊಟ್ಟಾಗ ಮಾತಿನ ಭಾಗಕ್ಕೆ ಇಬ್ಬಿಬ್ಬರನ್ನು ಕೂರಿಸಿದರು. ಮೊದಲು ಇಬ್ಬರೂ ಸೇರಿ ಏನೋ ಒಂದನ್ನು ಪ್ಲಾನ್ ಮಾಡಬೇಕು, ಗೆಳೆಯನ ಬೀಳ್ಕೊಡುಗೆ ಅಂತಿಟ್ಟುಕೊಳ್ಳಿ. ಆಮೇಲೆ ಒಬ್ಬೊಬ್ಬರು ಒಂದು ವಿಷಯ ಹೇಳಬೇಕು, ಇನ್ನೊಬ್ಬರು ಪ್ರಶ್ನೆ ಕೇಳಬೇಕು. ಇಬ್ಬರಿಗೂ ಸೇರಿ ಸುಮಾರು 15 ನಿಮಿಷ. ವಿದೇಶಕ್ಕೆ ಹೋಗುವವರು ಕೊಡುವ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯಲ್ಲಿ ಮಾತಿಗೆ 11ರಿಂದ 14 ನಿಮಿಷ, ಅಂಕ ನಾಲ್ಕು ಕಡೆ ಸಮವಾಗಿ ಹಂಚಿಕೆ: ಸರಾಗವಾಗಿ ಎಳೆ ಹಿಡಿದು ಹೇಳುವುದು, ಪದಗಳು, ವ್ಯಾಕರಣ, ಉಚ್ಚಾರಣೆ. ಅಂದರೆ ವ್ಯಾಕರಣಕ್ಕೆ ಕಾಲು ಭಾಗ ಮಾತ್ರ. ನಮ್ಮ ಕಾಲೇಜಲ್ಲಿ ವ್ಯಾಕರಣವೇ ಸರ್ವಸ್ವ ಅನ್ನುವ ಹಾಗಿದೆ.

ಶಾಲ್ಮಲಾ
ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ನಾಳೆ ಪ್ರಾಂಶುಪಾಲರಿಗೆ ಲಿಖಿತವಾಗಿ ಕೊಡುತ್ತೇನೆ: ಎರಡು ಬ್ಯಾಚು, ಎರಡಕ್ಕೂ ಟೈಮ್‌ಟೇಬಲಲ್ಲಿ ಜಾಗ, ನಮ್ಮ ಅತಿಥಿ ಉಪನ್ಯಾಸಕರ ಗಂಟೆಗೆ ಲೆಕ್ಕ. ಕ್ವಿಜ್ ಅಂಕವನ್ನು ಒಳ ಅಂಕದಿಂದ ತೆಗೆದು ಆ ಜಾಗಕ್ಕೆ ಜೋಡಿ ಮಾತು ಹಾಕುವ ಆಲೋಚನೆ ಇದೆ. ಜೋಡಿಗೆ ಎಂಟು ನಿಮಿಷ ಸಾಕಾಗಬಹುದು. 35 ಜೋಡಿ ಅಂದರೆ ನಾಲ್ಕೂವರೆ ಗಂಟೆ ಚಿಲ್ಲರೆ. ಒಂದು ವಾರದಲ್ಲಿ ಮುಗಿಯುತ್ತೆ.

ವಾಯ್ಸ್ ಮೆಸೇಜ್ ಬಗ್ಗೆ ಒಂದು ಅನುಮಾನ. ದಿನಕ್ಕೆ 70 ಕೇಳಲು ನನ್ನಿಂದ ಆಗಲ್ಲ. ಏನು ಮಾಡಲಿ? ಇನ್ನೊಂದು, ಕೆಲವು ಹುಡುಗಿಯರ ಮನೆಯಲ್ಲಿ ಗ್ರೂಪಿಗೆ ದನಿ ಕಳಿಸುವುದಕ್ಕೆ ಒಪ್ಪಲ್ಲ.

ಮಲೆನಾಡ ಹುಡುಗಿ
ಗ್ರೂಪಿಗೆ ಬೇಡವೇ ಬೇಡ ಮೇಡಂ. ನಮ್ಮ ಸರ್‌ಗೆ ನೇರ ಕಳಿಸುತ್ತಿದ್ದೆವು, ಹುಡುಗಿಯರ ಜೋಡಿ ಹುಡುಗಿಯರೇ. ನಂಬರ್ ಕೊಡಲು ಇಷ್ಟ ಇಲ್ಲದವರು ಫೋನಲ್ಲಿ ರೆಕಾರ್ಡ್ ಮಾಡಿ ಕ್ಲಾಸಿಗೆ ತಂದು ಕೇಳಿಸುತ್ತಿದ್ದರು. ಎಲ್ಲವನ್ನೂ ಸರ್ ಕೇಳುತ್ತಿರಲಿಲ್ಲ. ದಿನಕ್ಕೆ ಹತ್ತು ಮಾತ್ರ, ಯಾವ ಹತ್ತು ಅಂತ ನಮಗೆ ಗೊತ್ತಿರುತ್ತಿರಲಿಲ್ಲ. ಉಳಿದದ್ದನ್ನು ಜೊತೆಗಾರರು ಕೇಳಿ ಒಂದು ಪ್ರಶ್ನೆ ವಾಪಸ್ ಕೇಳಬೇಕು. ತಪ್ಪು ತಿದ್ದುವ ಹಾಗಿಲ್ಲ, ಪ್ರಶ್ನೆ ಮಾತ್ರ.

ಕನ್ನಡವೇ ಸಾಕು
ನನ್ನ ವಾದ ಬಿಟ್ಟಿಲ್ಲ. ಆದರೆ ಇದನ್ನೇ ಕನ್ನಡದಲ್ಲೂ ಮಾಡಿಸಿ ಮೇಡಂ. ನಮ್ಮ ಮಕ್ಕಳು ಕನ್ನಡದಲ್ಲೂ ನಾಲ್ಕು ಜನರ ಮುಂದೆ ಎರಡು ನಿಮಿಷ ಮಾತಾಡಲ್ಲ.

ಶಾಲ್ಮಲಾ
ಒಪ್ಪಿದೆ. ಮೊದಲ ವಾರ ಕನ್ನಡದಲ್ಲೇ 4-3-2 ಮಾಡಿಸುತ್ತೇನೆ. ಆಟದ ನಿಯಮವೂ ಅರ್ಥವಾಗುತ್ತೆ, ಭಯವೂ ಬಿಡುತ್ತೆ. ಕಲ್ಯಾಣದ ಸರ್, ಜೋಡಿಗೆ ಕೊಡುವ ಕೆಲಸ ಒಂದೆರಡು ಇಲ್ಲೇ ಹಾಕುತ್ತೀರಾ?

ಕಲ್ಯಾಣದವ
ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ಇದು. ಒಬ್ಬರ ಕೈಗೆ ಬಸ್ ವೇಳಾಪಟ್ಟಿ, ಇನ್ನೊಬ್ಬರ ಕೈಗೆ ಮದುವೆ ಕಾರ್ಡು. ಕಾರ್ಡಲ್ಲಿ ಮುಹೂರ್ತದ ಹೊತ್ತು, ಊರು ಇರುತ್ತೆ. ಒಬ್ಬರದ್ದು ಇನ್ನೊಬ್ಬರು ನೋಡುವ ಹಾಗಿಲ್ಲ. ಬೆನ್ನಿಗೆ ಬೆನ್ನು ಕೊಟ್ಟು ಕೂತು, ಫೋನಲ್ಲಿ ಮಾತಾಡುವ ಹಾಗೆ ಇಂಗ್ಲಿಷಲ್ಲಿ ಕೇಳಿ ಯಾವ ಬಸ್ಸು ಹತ್ತಬೇಕು ಅಂತ ತೀರ್ಮಾನಿಸಬೇಕು. ಅರ್ಧಕ್ಕೆ ನಾನು ಹೋಗಿ "ಆ ಬಸ್ಸು ಕೆಟ್ಟಿದೆ" ಅನ್ನುತ್ತೇನೆ. ಮತ್ತೆ ಶುರು.

ಇನ್ನೊಂದು: ಒಬ್ಬರು ಬಾಡಿಗೆ ಮನೆ ಹುಡುಕುವವರು, ಇನ್ನೊಬ್ಬರು ಮನೆ ಓನರ್. ನೀರು, ಅಡ್ವಾನ್ಸು, ಗಾಡಿ ನಿಲ್ಲಿಸುವ ಜಾಗ. ಇಬ್ಬರ ಚೀಟಿಯಲ್ಲೂ ಬೇರೆ ಬೇರೆ ಷರತ್ತು, ಹೊಂದಾಣಿಕೆ ಆಗಲೇಬೇಕು.

ನಿವೃತ್ತ ಮೇಷ್ಟ್ರು
ವೇಳಾಪಟ್ಟಿ ಕೆಲಸ ಇನ್ನೂ ಬದುಕಿದೆ ಅಂತ ತಿಳಿದು ಬಹಳ ಸಂತೋಷವಾಯಿತು.

ಬಿಕಾಂ ಹುಡುಗ
ಸರ್, ಮದುವೆ ಕಾರ್ಡಿನದನ್ನು ನಾವು ಇವತ್ತು ರಾತ್ರಿ ಹಾಸ್ಟೆಲಲ್ಲಿ ಮಾಡುತ್ತೇವೆ. ನಾಲ್ಕು ಜನ ಇದ್ದೇವೆ, ಮೇಷ್ಟ್ರು ಯಾರೂ ಇಲ್ಲ. ಪದ ಸಿಗದಿದ್ದರೆ ನಡುವೆ ಕನ್ನಡ ಬಳಸಬಹುದಾ?

ಕಲ್ಯಾಣದವ
ಬಳಸಿ. ಆ ಪದವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಮಾತು ಮುಂದುವರಿಸಿ, ನಿಲ್ಲಿಸಬೇಡಿ. ಮುಗಿದ ಮೇಲೆ ಪದಗಳನ್ನು ಹುಡುಕಿ, ಜೊತೆಗಾರರನ್ನು ಬದಲಾಯಿಸಿ ಇನ್ನೊಮ್ಮೆ ಮಾಡಿ. ಹೇಗಾಯಿತು ಅಂತ ನಾಳೆ ಇಲ್ಲೇ ಬರೆಯಿರಿ.